ಬೀಪ್ ಸದ್ದು ಸೈಕಲ್ ಹ್ಯಾಂಡಲ್ ಏರಿದ ಕತೆ

1957ರ ಅಕ್ಟೋಬರ್ 7, ಸೋಮವಾರ. ಅಮೆರಿಕದ ಮೇರಿಲ್ಯಾಂಡ್‌ನಲ್ಲಿದ್ದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಅನ್ವಯಿಕ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಮಧ್ಯಾಹ್ನದ ಊಟದ ಹೊತ್ತು. ಕ್ಯಾಂಟೀನಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಸುದ್ದಿ. ಮೂರು ದಿನ ಹಿಂದೆ, ಶುಕ್ರವಾರ, ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಎಂಬ 83 ಕಿಲೊ ತೂಕದ ಲೋಹದ ಚೆಂಡನ್ನು ಭೂಮಿಯ ಸುತ್ತ ತಿರುಗಲು ಬಿಟ್ಟಿತ್ತು. ಅದು ಹೋದಲ್ಲೆಲ್ಲ ಬೀಪ್ ಬೀಪ್ ಎನ್ನುತ್ತ ಸಾಗಿತ್ತು. ವಿಲಿಯಂ ಗೈಯರ್ ಮತ್ತು ಜಾರ್ಜ್ ವೈಫನ್‌ಬಾಕ್ ಎಂಬ ಇಬ್ಬರು ಭೌತವಿಜ್ಞಾನಿಗಳಿಗೆ ಆ ಊಟದ ನಡುವೆ ಒಂದು ಅಚ್ಚರಿ ಹುಟ್ಟಿತು. ಇಷ್ಟು ದೊಡ್ಡ ಪ್ರಯೋಗಾಲಯದಲ್ಲಿ ಆ ಸದ್ದನ್ನು ಕೇಳಿಸಿಕೊಳ್ಳುವ ಪ್ರಯತ್ನವನ್ನೇ ಯಾರೂ ಮಾಡಿರಲಿಲ್ಲ. ವೈಫನ್‌ಬಾಕ್ ತನ್ನ ಪಿಎಚ್‌.ಡಿ. ಕೆಲಸಕ್ಕಾಗಿ ಒಂದು ಒಳ್ಳೆಯ ರೇಡಿಯೊ ರಿಸೀವರ್ ಇಟ್ಟುಕೊಂಡಿದ್ದ. ಅದಕ್ಕೆ ಒಂದು ತಂತಿ ಸಿಕ್ಕಿಸಿ ಇಬ್ಬರೂ ಕಿವಿಗೊಟ್ಟು ಕುಳಿತರು. ಆ ಕೆಲಸವನ್ನು ಅವರಿಗೆ ಯಾರೂ ಒಪ್ಪಿಸಿರಲಿಲ್ಲ.

ಬೀಪ್ ಕೇಳಿಸಿತು. ಅಷ್ಟಕ್ಕೇ ಖುಷಿಪಟ್ಟು ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಸದ್ದಿನ ಸ್ವರ ಒಂದೇ ಸಮನಾಗಿರಲಿಲ್ಲ. ಉಪಗ್ರಹ ದಿಗಂತದಿಂದ ಮೇಲೇರುವಾಗ ಏರು ದನಿ, ತಲೆಯ ಮೇಲೆ ಹಾದು ದೂರವಾಗುವಾಗ ಇಳಿದ ದನಿ. ನಿಲ್ದಾಣದಲ್ಲಿ ನಿಲ್ಲದೆ ಓಡುವ ರೈಲಿನ ಸೀಟಿ ಹತ್ತಿರ ಬರುವಾಗ ತೀಕ್ಷ್ಣವಾಗಿ ಕೇಳಿ, ದಾಟಿದ ಕೂಡಲೇ ಜಗ್ಗಿದಂತಾಗುತ್ತದಲ್ಲ, ಅದೇ ಡಾಪ್ಲರ್ ಪರಿಣಾಮ. 2 ಕೋಟಿ ಹರ್ಟ್ಸ್‌ಗಳ ಆ ಸಂಕೇತದಲ್ಲಿ ಏರಿಳಿತ ಹೆಚ್ಚೆಂದರೆ ಸಾವಿರ ಹರ್ಟ್ಸ್ ಆಸುಪಾಸಿನದು. ಇಬ್ಬರೂ ಅದನ್ನು ಟೇಪಿನಲ್ಲಿ ಹಿಡಿದರು, ಜೊತೆಗೆ ಸರ್ಕಾರಿ ರೇಡಿಯೊ ಕೇಂದ್ರದ ಸಮಯ ಸಂಕೇತವನ್ನೂ ದಾಖಲಿಸಿದರು. ಯಾವ ಕ್ಷಣಕ್ಕೆ ಸ್ವರ ಎಷ್ಟು ಇಳಿಯಿತು ಎಂದು ಗೆರೆ ಎಳೆದರು. ಆಗ ಹುಚ್ಚು ಎನಿಸಬಹುದಾದ ಪ್ರಶ್ನೆಯೊಂದು ಎದುರಾಯಿತು: ಒಂದೇ ಕಡೆ ಕೂತು, ಒಂದೇ ತಂತಿಯಿಂದ, ಬರೀ ಈ ಇಳಿಗೆರೆ ನೋಡಿ ಉಪಗ್ರಹದ ದಾರಿಯನ್ನೇ ಲೆಕ್ಕ ಹಾಕಬಹುದೇ?

ಹಾದಿ ಸುಲಭವಿರಲಿಲ್ಲ. ಮೇಲಿನ ವಾಯುಮಂಡಲದ ವಿದ್ಯುತ್ ಪದರ ರೇಡಿಯೊ ಅಲೆಗಳನ್ನು ಬಗ್ಗಿಸುತ್ತಿತ್ತು, ಲೆಕ್ಕ ತಪ್ಪುತ್ತಿತ್ತು. ಪುಣ್ಯಕ್ಕೆ ಸ್ಪುಟ್ನಿಕ್ ಎರಡು ಆವರ್ತನಗಳಲ್ಲಿ ಕೂಗುತ್ತಿತ್ತು. ಎರಡನ್ನೂ ಹೋಲಿಸಿದರೆ ಬಾಗು ಎಷ್ಟೆಂದು ಗೊತ್ತಾಗಿ ಅದನ್ನು ಕಳೆದುಹಾಕಬಹುದಿತ್ತು. ಮೂರು ವಾರಕ್ಕೆ ಸ್ಪುಟ್ನಿಕ್‌ನ ಬ್ಯಾಟರಿ ತೀರಿ ಸದ್ದು ನಿಂತಿತು. ನವೆಂಬರ್‌ನಲ್ಲಿ ಎರಡನೆಯ ಸ್ಪುಟ್ನಿಕ್ ಬಂತು, ಮುಂದಿನ ವರ್ಷದ ಆರಂಭದಲ್ಲಿ ಅಮೆರಿಕದ್ದೇ ಎಕ್ಸ್‌ಪ್ಲೋರರ್ ಬಂತು. ಪ್ರಯೋಗಾಲಯದ ಹೊಸ ಯೂನಿವ್ಯಾಕ್ ಕಂಪ್ಯೂಟರಿನ ಮುಂದೆ ಗೈಯರ್ ತಿಂಗಳುಗಟ್ಟಲೆ ಕಳೆದ. ಕೊನೆಗೆ ಇಳಿಗೆರೆಯಿಂದ ಕಕ್ಷೆ ಹೊರಬಂತು.

1958ರ ಮಾರ್ಚ್ 17ರಂದು ಸಂಶೋಧನಾ ವಿಭಾಗದ ಮುಖ್ಯಸ್ಥ ಫ್ರ್ಯಾಂಕ್ ಮೆಕ್‌ಕ್ಲೂರ್ ಇಬ್ಬರನ್ನೂ ತನ್ನ ಕೋಣೆಗೆ ಕರೆಸಿ ಬಾಗಿಲು ಹಾಕಿದ. ಪ್ರಶ್ನೆಯನ್ನು ತಲೆಕೆಳಗು ಮಾಡಲು ಆಗುತ್ತದೆಯೇ ಎಂದು ಕೇಳಿದ. ತಾವು ಇರುವ ಜಾಗ ಗೊತ್ತಿದ್ದು ಉಪಗ್ರಹ ಎಲ್ಲಿದೆ ಎಂದು ಅವರು ಕಂಡುಹಿಡಿದಿದ್ದರು. ಉಪಗ್ರಹ ಇರುವ ಜಾಗ ಗೊತ್ತಿದ್ದರೆ, ಕೇಳುವವನು ಎಲ್ಲಿದ್ದಾನೆ ಎಂದು ಹೇಳಬಹುದೇ? ಇಬ್ಬರೂ ಹೋಗಿ ಲೆಕ್ಕ ಹಾಕಿ ನೋಡಿದರು. ಆಗುತ್ತಿತ್ತು, ಅದೂ ಮೊದಲಿನದಕ್ಕಿಂತ ಸಲೀಸಾಗಿ. ಮೆಕ್‌ಕ್ಲೂರ್‌ನ ತಲೆಯಲ್ಲಿ ಇದ್ದದ್ದು ನೌಕಾಪಡೆಯ ತಲೆನೋವು. ಪೊಲಾರಿಸ್ ಕ್ಷಿಪಣಿ ಹೊತ್ತ ಜಲಾಂತರ್ಗಾಮಿಗಳಿಗೆ ತಾವು ಸಮುದ್ರದಲ್ಲಿ ಎಲ್ಲಿದ್ದೇವೆ ಎನ್ನುವುದೇ ಖಚಿತವಿರಲಿಲ್ಲ. ಇಂದು ಸೈಕಲ್ ಹ್ಯಾಂಡಲ್‌ಗೆ ಸಿಕ್ಕಿಸಿದ ಫೋನಿನಲ್ಲಿ ಓಡುವ ನೀಲಿ ಗೆರೆಯ ಬೀಜ ಬಿದ್ದದ್ದು ಆ ಮುಚ್ಚಿದ ಬಾಗಿಲ ಹಿಂದೆ.

ಟ್ರಾನ್ಸಿಟ್ ಎಂಬ ಯೋಜನೆ ಹುಟ್ಟಿತು. 1959ರ ಸೆಪ್ಟೆಂಬರ್‌ನಲ್ಲಿ ಹಾರಿದ ಮೊದಲ ಉಪಗ್ರಹ ಕಕ್ಷೆಯನ್ನೇ ಸೇರಲಿಲ್ಲ. ಮುಂದಿನ ಏಪ್ರಿಲ್‌ನಲ್ಲಿ ಹಾರಿದ್ದು ಗೆದ್ದಿತು. ಆದರೆ ಟ್ರಾನ್ಸಿಟ್‌ಗೆ ತಾಳ್ಮೆ ಬೇಕಿತ್ತು. ಉಪಗ್ರಹ ತಲೆಯ ಮೇಲೆ ಬರುವವರೆಗೆ ಒಂದೊಂದು ಸಲ ಗಂಟೆಗೂ ಮೀರಿ ಕಾಯಬೇಕು, ಬಂದ ಮೇಲೆ ಹತ್ತು ಹದಿನೈದು ನಿಮಿಷ ಕೇಳಬೇಕು, ಅಷ್ಟು ಹೊತ್ತೂ ಹಡಗು ಎಷ್ಟು ವೇಗದಲ್ಲಿ ಎತ್ತ ಸಾಗುತ್ತಿದೆ ಎಂಬುದು ಬೇರೆ ದಾರಿಯಿಂದ ಗೊತ್ತಿರಬೇಕು. ಹಡಗಿಗೆ ಸರಿ. ವಿಮಾನಕ್ಕೆ ಒಗ್ಗದು, ತಿರುವು ತಿರುವಿಗೂ ದಿಕ್ಕು ಬದಲಿಸುವ ಸೈಕಲ್ಲಿಗಂತೂ ಇಲ್ಲವೇ ಇಲ್ಲ.

ಬೇರೆ ಹಾದಿ ತೋರಿಸಿದ್ದು ಗಡಿಯಾರ. ನೌಕಾ ಸಂಶೋಧನಾ ಪ್ರಯೋಗಾಲಯದ ರೋಜರ್ ಈಸ್ಟನ್ ಸ್ವರದ ಏರಿಳಿತವನ್ನು ಬಿಟ್ಟು ಸಮಯವನ್ನು ಹಿಡಿದ. ಉಪಗ್ರಹದಲ್ಲೇ ನಿಖರ ಗಡಿಯಾರ ಇಟ್ಟು, ಸಂಕೇತ ಹೊರಟ ಕ್ಷಣವನ್ನು ಅದರಲ್ಲೇ ಬರೆದು ಕಳಿಸಿದರೆ, ಬಂದು ತಲುಪಲು ಹಿಡಿದ ಸಮಯದಿಂದ ದೂರ ಸಿಗುತ್ತದೆ. ಬೆಳಕು ಒಂದು ಮೈಕ್ರೊಸೆಕೆಂಡಿಗೆ 300 ಮೀಟರ್ ಓಡುತ್ತದೆ. ಅಂದರೆ ಗಡಿಯಾರ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೂ ಸವಾರ ಪಕ್ಕದ ಬೀದಿಯಲ್ಲಿ ಕಾಣಿಸಿಕೊಳ್ಳುತ್ತಾನೆ. 1967ರಲ್ಲಿ ಟೈಮೇಷನ್ ಎಂಬ ಹೆಸರಿನಲ್ಲಿ ಈಸ್ಟನ್‌ನ ಮೊದಲ ಗಡಿಯಾರ ಮೇಲೇರಿತು.

ಅತ್ತ ವಾಯುಪಡೆಗೆ ತನ್ನದೇ ಯೋಜನೆ, ಇತ್ತ ನೌಕಾಪಡೆಗೆ ತನ್ನದೇ. 1973ರ ಆಗಸ್ಟ್‌ನಲ್ಲಿ ಕರ್ನಲ್ ಬ್ರಾಡ್‌ಫರ್ಡ್ ಪಾರ್ಕಿನ್ಸನ್ ವಾಯುಪಡೆಯ ಯೋಜನೆಯನ್ನು ರಕ್ಷಣಾ ಇಲಾಖೆಯ ಮುಂದಿಟ್ಟಾಗ ಅದು ತಿರಸ್ಕೃತವಾಯಿತು. ಕಾರ್ಮಿಕ ದಿನದ ರಜೆಯ ವಾರಾಂತ್ಯ ಬಂತು. ಪೆಂಟಗನ್ ಕಟ್ಟಡದ ಉದ್ದುದ್ದ ಓಣಿಗಳೆಲ್ಲ ಖಾಲಿ. ಪಾರ್ಕಿನ್ಸನ್ ಹತ್ತು ಹನ್ನೆರಡು ಅಧಿಕಾರಿಗಳನ್ನು ಅಲ್ಲಿಗೆ ಕರೆತಂದು ಕೂಡಿಹಾಕಿದ. ಈಸ್ಟನ್‌ನ ಗಡಿಯಾರ, ಎತ್ತರದ ಕಕ್ಷೆ, ವಾಯುಪಡೆಯ ಸಂಕೇತ ವಿಧಾನ ಎಲ್ಲವೂ ಆ ರಜೆಯಲ್ಲಿ ಒಂದೇ ಯೋಜನೆಯಾಗಿ ಕೂಡಿದವು. ಡಿಸೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಅದೇ ಜಿಪಿಎಸ್.

ಅದಕ್ಕೂ ಒಂದು ಅಗ್ನಿಪರೀಕ್ಷೆ ಕಾದಿತ್ತು. ಐನ್‌ಸ್ಟೈನನ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ಅಷ್ಟು ಎತ್ತರದಲ್ಲಿ ಗಡಿಯಾರ ನೆಲದ ಗಡಿಯಾರಕ್ಕಿಂತ ತುಸು ಬೇಗ ಓಡಬೇಕು. ನಿಜಕ್ಕೂ ಓಡುತ್ತದೆಯೇ ಎಂಬ ಅನುಮಾನ ಕೆಲವರಿಗೆ ಉಳಿದೇ ಇತ್ತು. 1977ರ ಜೂನ್‌ನಲ್ಲಿ ಪರಮಾಣು ಗಡಿಯಾರ ಹೊತ್ತು ಎನ್‌ಟಿಎಸ್-2 ಉಪಗ್ರಹ ಹಾರಿದಾಗ, ತಿದ್ದುಪಡಿಯ ಸಾಧನವನ್ನು ಅದರೊಳಗೇ ಇಟ್ಟು, ಆದರೆ ಚಾಲೂ ಮಾಡದೆ ಕಳಿಸಿದರು. ಇಪ್ಪತ್ತು ದಿನ ಕಾದರು. ಗಡಿಯಾರ ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡ್ ಮುಂದೆ ಓಡಿತು, ಹೆಚ್ಚುಕಡಿಮೆ ಸಿದ್ಧಾಂತ ಹೇಳಿದಷ್ಟೇ. ಬೆಳಕಿನ ಲೆಕ್ಕದಲ್ಲಿ ಅದು 11 ಕಿಲೊಮೀಟರ್. ಸಾಧನ ಚಾಲೂ ಆಯಿತು. 1978ರ ಫೆಬ್ರುವರಿಯಲ್ಲಿ ಮೊದಲ ಜಿಪಿಎಸ್ ಉಪಗ್ರಹ ಮೇಲೇರಿತು.

ಇದು ಸೈನ್ಯದ ಸೊತ್ತಾಗಿಯೇ ಉಳಿದುಬಿಡಬಹುದಿತ್ತು. 1983ರ ಸೆಪ್ಟೆಂಬರ್ 1ರಂದು ದಾರಿ ತಪ್ಪಿ ಸೋವಿಯತ್ ಆಗಸಕ್ಕೆ ನುಗ್ಗಿದ ಕೊರಿಯದ ಪ್ರಯಾಣಿಕ ವಿಮಾನವನ್ನು ಹೊಡೆದುರುಳಿಸಲಾಯಿತು. 269 ಮಂದಿ ಸತ್ತರು. ಜಿಪಿಎಸ್ ಪೂರ್ಣಗೊಂಡಾಗ ನಾಗರಿಕರಿಗೂ ಸಿಗುತ್ತದೆ ಎಂದು ಅದೇ ತಿಂಗಳು ಅಮೆರಿಕದ ಅಧ್ಯಕ್ಷ ರೇಗನ್ ಆಡಳಿತ ಘೋಷಿಸಿತು. ಕೊಟ್ಟರು, ಆದರೆ ಬೇಕೆಂದೇ ಮಸುಕು ಮಾಡಿ ಕೊಟ್ಟರು. ನಾಗರಿಕ ಸಂಕೇತದಲ್ಲಿ ನೂರು ಮೀಟರ್‌ವರೆಗೂ ತಪ್ಪು ಬೆರೆಸಿದ್ದರು. 2000ದ ಮೇ 1ರ ನಡುರಾತ್ರಿ ಆ ಮಸುಕನ್ನು ತೆಗೆದರು. ಅಂದು ಮಲಗುವಾಗ ಬಡಾವಣೆಯೊಂದನ್ನು ತೋರಿಸುತ್ತಿದ್ದ ಸಾಧನ, ಬೆಳಗ್ಗೆ ಏಳುವಾಗ ಬೀದಿಯನ್ನೇ ತೋರಿಸುತ್ತಿತ್ತು.

ಇನ್ನು ಉಳಿದದ್ದು ಇದನ್ನು ಜೇಬಿಗಿಳಿಸುವ ಕೆಲಸ. 20,200 ಕಿಲೊಮೀಟರ್ ಎತ್ತರದಿಂದ ಮನೆಯ ಬಲ್ಬಿನಷ್ಟು ಶಕ್ತಿಯಲ್ಲಿ ಹೊರಟ ಸಂಕೇತ ನೆಲ ಮುಟ್ಟುವಾಗ ರಿಸೀವರಿನ ಸ್ವಂತ ಗದ್ದಲಕ್ಕಿಂತಲೂ ಕ್ಷೀಣ. ಮೇಲಾಗಿ ಉಪಗ್ರಹ ತಾನೆಲ್ಲಿದ್ದೇನೆ ಎಂಬ ಮಾಹಿತಿಯನ್ನು ಸೆಕೆಂಡಿಗೆ 50 ಬಿಟ್‌ಗಳಂತೆ ತೊಟ್ಟಿಕ್ಕಿಸುತ್ತದೆ. ಒಂದು ಉಪಗ್ರಹದ ಪೂರ್ಣ ವಿಳಾಸ ಕೇಳಿಸಿಕೊಳ್ಳಲು ಅರ್ಧ ನಿಮಿಷ ಅಡ್ಡಿಯಿಲ್ಲದ ಆಕಾಶ ಬೇಕು. ಮರದ ನೆರಳಲ್ಲಿ, ಜೇಬಿನೊಳಗೆ, ಪುಟ್ಟ ಬ್ಯಾಟರಿಯಲ್ಲಿ ಇದು ಆಗದ ಮಾತು ಎನಿಸಿತ್ತು. ತುರ್ತು ಕರೆ ಮಾಡಿದವರು ಎಲ್ಲಿದ್ದಾರೆ ಎಂದು ಮೊಬೈಲ್ ಕಂಪನಿಗಳು ತಿಳಿಸಬೇಕೆಂದು 1996ರಲ್ಲಿ ಅಮೆರಿಕದ ಸಂಪರ್ಕ ಆಯೋಗ ಪಟ್ಟು ಹಿಡಿಯಿತು. ಆ ಹೊತ್ತಿಗೆ ಸ್ನ್ಯಾಪ್‌ಟ್ರ್ಯಾಕ್ ಎಂಬ ಪುಟ್ಟ ಕಂಪನಿಯಲ್ಲಿ ನಾರ್ಮನ್ ಕ್ರಾಸ್ನರ್ ಒಂದು ಯುಕ್ತಿ ಹೂಡಿದ್ದ. ಉಪಗ್ರಹಗಳ ವಿಳಾಸವನ್ನು ಆಕಾಶದಿಂದ ಕೇಳಿಸಿಕೊಳ್ಳುವುದೇಕೆ, ಮೊಬೈಲ್ ಗೋಪುರದಿಂದಲೇ ತರಿಸಿಕೊಂಡರಾಯಿತು. ಫೋನ್ ಒಂದು ಕ್ಷಣದ ತುಣುಕು ಸಂಕೇತ ಹಿಡಿದರೆ ಸಾಕು, ಉಳಿದದ್ದು ಗಣಿತ. 1999ರಲ್ಲಿ ಫಿನ್ಲೆಂಡಿನ ಬೆನೆಫಾನ್ ಕಂಪನಿ ಜಿಪಿಎಸ್ ಇರುವ ಮೊಬೈಲ್ ತಂದಿತು. 2008ರ ಜುಲೈನಲ್ಲಿ ಐಫೋನ್ 3ಜಿ ಬಂದ ಮೇಲೆ ಅದು ಮನೆಮಾತಾಯಿತು.

ಅಲ್ಲಿಯವರೆಗೆ ಹೆಚ್ಚಿನ ಸೈಕಲ್ ಸವಾರರ ಬಳಿ ಇದ್ದದ್ದು ಚಕ್ರದ ಕಡ್ಡಿಗೆ ಕಟ್ಟಿದ ಪುಟ್ಟ ಅಯಸ್ಕಾಂತ. ಚಕ್ರ ಎಷ್ಟು ಸುತ್ತು ತಿರುಗಿತು ಎಂದು ಅದು ಎಣಿಸುತ್ತಿತ್ತು, ಎಲ್ಲಿ ತಿರುಗಿತು ಎಂದು ಹೇಳುತ್ತಿರಲಿಲ್ಲ. ಆಮೇಲೆ ಜಿಪಿಎಸ್‌ನಿಂದ ಸವಾರಿ ದಾಖಲಿಸುವ ಆ್ಯಪ್‌ಗಳ ಸರದಿ. ರನ್‌ಕೀಪರ್ 2008ರಲ್ಲಿ, ಸ್ಟ್ರಾವಾ 2009ರಲ್ಲಿ ಹುಟ್ಟಿದವು. ಗೂಗಲ್‌ನ ಮೈ ಟ್ರ್ಯಾಕ್ಸ್ ಬಂತು, ಡೆನ್ಮಾರ್ಕ್‌ನ ಎಂಡೊಮೊಂಡೊ ಬಂತು. ಒಂದೇ ಏರನ್ನು ಬೇರೆ ಬೇರೆ ದಿನ ಹತ್ತಿದ ಅಪರಿಚಿತರ ಸಮಯಗಳನ್ನು ಸ್ಟ್ರಾವಾ ಸಾಲಾಗಿ ಜೋಡಿಸಿ ತೋರಿಸಿದಾಗ, ಒಂಟಿ ಸವಾರಿಯೂ ಪಂದ್ಯವಾಯಿತು.

ಆಗಲೇ ಒಗಟು ಎದ್ದದ್ದು. ಭಾನುವಾರದ ನಸುಕಿನಲ್ಲಿ ಬೆಂಗಳೂರಿನಿಂದ ನಂದಿಬೆಟ್ಟಕ್ಕೆ ಹೊರಟ ಗೆಳೆಯರು ಒಂದೇ ರಸ್ತೆಯಲ್ಲಿ ಹೋಗಿ, ಒಂದೇ ಕಡೆ ಕಾಫಿ ಕುಡಿದು ಮರಳಿದರು. ಫೋನ್ ತೆಗೆದು ನೋಡಿದರೆ ಒಬ್ಬೊಬ್ಬರದು ಒಂದೊಂದು ದೂರ. ಫೋನ್ ಬೇರೆ ಎಂದರೆ ಒಪ್ಪಬಹುದು. ಒಂದೇ ಫೋನಿನಲ್ಲಿ ಎರಡು ಆ್ಯಪ್ ಒಟ್ಟಿಗೆ ಓಡಿಸಿದವರಿಗೂ ಎರಡು ದೂರ ಸಿಕ್ಕಿತು. ಬೆಟ್ಟದ ತುದಿಯ ಎತ್ತರದಲ್ಲಂತೂ ಇನ್ನೂ ದೊಡ್ಡ ಅಂತರ. ಉಪಗ್ರಹ ಅದೇ, ಚಿಪ್ ಅದೇ, ರಸ್ತೆ ಅದೇ. ಹಾಗಾದರೆ ತಪ್ಪು ಯಾರದು? ಕೆಲವರು ಆ್ಯಪ್ ಬದಲಿಸಿದರು, ಕೆಲವರು ಫೋನನ್ನೇ ಬದಲಿಸಿದರು. ಒಗಟು ಬದಲಾಗಲಿಲ್ಲ.

ಅದರ ಅರ್ಧ ಉತ್ತರ ಸೈಕಲ್ಲಿಗೂ ಉಪಗ್ರಹಕ್ಕೂ ಸಂಬಂಧವೇ ಇಲ್ಲದ ಒಬ್ಬ ಶಾಂತಿವಾದಿಯ ಕಾಗದಗಳಲ್ಲಿ ಬಿದ್ದಿತ್ತು. ಬ್ರಿಟನ್ನಿನ ಲೂಯಿಸ್ ಫ್ರೈ ರಿಚರ್ಡ್‌ಸನ್ ಯುದ್ಧಗಳಿಗೂ ಗಡಿಯ ಉದ್ದಕ್ಕೂ ನಂಟಿದೆಯೇ ಎಂದು ಹುಡುಕುತ್ತಿದ್ದ. ಸ್ಪೇನ್ ಮತ್ತು ಪೋರ್ಚುಗಲ್ ನಡುವಿನ ಗಡಿ ಒಂದು ದಾಖಲೆಯಲ್ಲಿ 987 ಕಿಲೊಮೀಟರ್, ಇನ್ನೊಂದರಲ್ಲಿ 1,214 ಎಂದಿದ್ದು ಅವನ ಕಣ್ಣಿಗೆ ಬಿತ್ತು. ಯಾರೂ ಸುಳ್ಳು ಹೇಳಿರಲಿಲ್ಲ. ಅಳೆಯುವ ಕೋಲು ಚಿಕ್ಕದಾದಷ್ಟೂ ಅಂಕುಡೊಂಕು ಹೆಚ್ಚು ಹಿಡಿದು ಗಡಿ ಉದ್ದವಾಗುತ್ತಿತ್ತು. 1953ರಲ್ಲಿ ತೀರಿಕೊಂಡ ಅವನ ಈ ಬರಹ ಅಚ್ಚಾದದ್ದು 1961ರಲ್ಲಿ. ಆ್ಯಪ್‌ಗಳೂ ಹೀಗೆಯೇ ಕೋಲು ಹಿಡಿದು ಕೂತಿದ್ದವು. ಗಂಟೆಗೆ 20 ಕಿಲೊಮೀಟರ್ ವೇಗದ ಸೈಕಲ್ ಸೆಕೆಂಡಿಗೆ ಐದೂವರೆ ಮೀಟರ್ ಸಾಗುತ್ತದೆ. ಬ್ಯಾಟರಿ ಉಳಿಸಲು ಹತ್ತು ಸೆಕೆಂಡಿಗೊಮ್ಮೆ ಬಿಂದು ಇಟ್ಟ ಆ್ಯಪ್ 55 ಮೀಟರ್‌ಗೊಂದು ಹೆಜ್ಜೆ ಹಾಕಿ, ನಂದಿಯ ತಿರುವುಗಳನ್ನು ಅಡ್ಡ ಕತ್ತರಿಸಿಬಿಡುತ್ತಿತ್ತು. ದೂರ ಕಡಿಮೆಯಾಗುತ್ತಿತ್ತು.

ಹಾಗಾದರೆ ಬಿಂದು ಹೆಚ್ಚಿದಷ್ಟೂ ಸತ್ಯಕ್ಕೆ ಹತ್ತಿರವೇ? ಇಲ್ಲಿ ಕತೆ ಮತ್ತೊಮ್ಮೆ ತಿರುಗಿತು. ಆಸ್ಟ್ರಿಯಾದ ಸಾಲ್ಸ್‌ಬರ್ಗ್ ಮತ್ತು ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನ ಸಂಶೋಧಕರು ಸೇರಿ ಇದನ್ನು ಗಣಿತದಿಂದ ಜಾಲಾಡಿದರು. ಸರಳರೇಖೆಯಲ್ಲಿ ಸಾಗಿದರೂ ಜಿಪಿಎಸ್ ಬಿಂದುಗಳ ನಡುವಿನ ದೂರ ಸರಾಸರಿ ನಿಜಕ್ಕಿಂತ ಹೆಚ್ಚೇ ಬರುತ್ತದೆ ಎಂದು ಸಾಧಿಸಿದರು. ಕಾರಣ ಸರಳ. ತೆರೆದ ಬಯಲಿನಲ್ಲೂ ಫೋನಿನ ಬಿಂದು ಕೆಲವು ಮೀಟರ್ ಅತ್ತಿತ್ತ ಕುಣಿಯುತ್ತದೆ. ಆ ಕುಣಿತವನ್ನೆಲ್ಲ ಕೂಡಿಸಿದರೆ ರಸ್ತೆ ಹಿಗ್ಗುತ್ತದೆ. ಸಿಗ್ನಲ್‌ನಲ್ಲಿ ನಿಂತ ಸೈಕಲ್ ಕೂಡ ಕಾಗದದ ಮೇಲೆ ಓಡುತ್ತದೆ. ಒಂದು ತಪ್ಪು ದೂರವನ್ನು ಕುಗ್ಗಿಸುತ್ತದೆ, ಇನ್ನೊಂದು ಹಿಗ್ಗಿಸುತ್ತದೆ. ಎಷ್ಟು ಬಿಂದು ಇಡಬೇಕು, ಯಾವುದನ್ನು ಬಿಸಾಡಬೇಕು, ಯಾವುದನ್ನು ನಯಗೊಳಿಸಬೇಕು ಎಂಬ ತೀರ್ಮಾನವೊಂದೇ ಆ್ಯಪ್‌ನ ಕೈಯಲ್ಲಿರುವುದು. ಜಾಗ ಹುಡುಕುವುದು ಚಿಪ್. ಆ್ಯಪ್ ಬರೀ ಗುಮಾಸ್ತ.

ಎತ್ತರದ ಒಗಟಿನ ಗುಟ್ಟು ದಕ್ಷಿಣ ಭಾರತದ ಮಣ್ಣಿನಲ್ಲೇ ಅಡಗಿತ್ತು. ಜಿಪಿಎಸ್ ಎತ್ತರ ಅಳೆಯುವುದು ಗಣಿತದ ನುಣುಪು ಭೂಗೋಳದಿಂದ. ನಿಜವಾದ ಸಮುದ್ರಮಟ್ಟ ಗುರುತ್ವದ ಹೆಚ್ಚುಕಡಿಮೆಗೆ ತಕ್ಕಂತೆ ಉಬ್ಬುತಗ್ಗಾಗಿದೆ. ಆ ಉಬ್ಬುತಗ್ಗಿನ ಮಾದರಿಯನ್ನು ತಿದ್ದಿ ತಿದ್ದಿ ಕಟ್ಟಿದವರಲ್ಲಿ ವರ್ಜೀನಿಯಾದ ಡಾಲ್‌ಗ್ರೆನ್ ನೌಕಾಕೇಂದ್ರದ ಗಣಿತಜ್ಞೆ ಗ್ಲ್ಯಾಡಿಸ್ ವೆಸ್ಟ್ ಒಬ್ಬಳು. ಕಪ್ಪು ಜನರಿಗೆ ಅಪರೂಪಕ್ಕೆ ಮಾತ್ರ ಬಾಗಿಲು ತೆರೆಯುತ್ತಿದ್ದ ಕಾಲದಲ್ಲಿ ಅಲ್ಲಿ ಕೆಲಸಕ್ಕೆ ಸೇರಿ ದಶಕಗಳ ಕಾಲ ಉಪಗ್ರಹಗಳ ಅಳತೆ ಜರಡಿ ಹಿಡಿದವಳು. ಜಗತ್ತಿನ ಅತಿ ಆಳದ ತಗ್ಗು ಇರುವುದು ಶ್ರೀಲಂಕಾದ ದಕ್ಷಿಣದ ಹಿಂದೂ ಮಹಾಸಾಗರದಲ್ಲಿ, ನೂರು ಮೀಟರ್‌ಗೂ ಹೆಚ್ಚು. ಅದರ ಅಂಚು ಕರ್ನಾಟಕವನ್ನೂ ಸೆಳೆದುಕೊಂಡಿದೆ. ಹೀಗಾಗಿ ತಿದ್ದುಪಡಿ ಮಾಡದೆ ಚಿಪ್ ಕೊಟ್ಟ ಅಂಕಿಯನ್ನೇ ತೋರಿಸಿದ ಆ್ಯಪ್‌ನಲ್ಲಿ, 1,478 ಮೀಟರ್‌ನ ನಂದಿ ಎಂಬತ್ತಕ್ಕೂ ಹೆಚ್ಚು ಮೀಟರ್ ಕುಳ್ಳಗಾಯಿತು. ಮಂಗಳೂರಿನ ಮರಳಿನ ಮೇಲೆ ನಿಂತವರು ಸಮುದ್ರಮಟ್ಟಕ್ಕಿಂತ ಎಷ್ಟೋ ಕೆಳಗಿದ್ದಂತೆ ಕಂಡಿತು. ಉಪಗ್ರಹಗಳೆಲ್ಲ ಮೇಲೆಯೇ ಇದ್ದು ಕಾಲಡಿಯಲ್ಲಿ ಒಂದೂ ಇಲ್ಲದ್ದರಿಂದ ಎತ್ತರದ ಅಳತೆ ಮೊದಲೇ ದುರ್ಬಲ. ವಾಯುಭಾರ ಮಾಪಕವಿರುವ ಫೋನುಗಳು ಗಾಳಿಯ ಒತ್ತಡದಿಂದ ಏರಿಳಿತ ಹಿಡಿದು ಈ ಕೊರತೆ ತುಂಬಿದವು.

ಈ ನಡುವೆ ಆಕಾಶದಲ್ಲಿ ಕನ್ನಡನಾಡಿನಿಂದ ನಿಗಾ ಇಡುವ ಉಪಗ್ರಹಗಳೂ ಸೇರಿದವು. 2013ರ ಜುಲೈ 1ರಂದು ಇಸ್ರೋದ ಮೊದಲ ಪಥದರ್ಶಕ ಉಪಗ್ರಹ ಹಾರಿತು. ಅದರ ಸಮಯ ಮತ್ತು ಪಥದ ಲೆಕ್ಕ ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ, ಉಪಗ್ರಹಗಳ ಪಾಲನೆ ಹಾಸನದಲ್ಲಿ. ಕೆಲವೇ ವರ್ಷಗಳಲ್ಲಿ ಆ ಉಪಗ್ರಹದ ಮೂರೂ ವಿದೇಶಿ ಪರಮಾಣು ಗಡಿಯಾರಗಳು ಕೆಟ್ಟವು. ಬದಲಿಗೆ 2017ರ ಆಗಸ್ಟ್‌ನಲ್ಲಿ ಹಾರಿಸಿದ ಉಪಗ್ರಹ ರಾಕೆಟ್ಟಿನ ಮುಸುಕಿನೊಳಗೇ ಸಿಕ್ಕಿಕೊಂಡಿತು. ಪಟ್ಟು ಬಿಡಲಿಲ್ಲ. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ಸ್ವದೇಶಿ ಪರಮಾಣು ಗಡಿಯಾರವಿತ್ತು, ಸಾಮಾನ್ಯ ಫೋನಿನ ಚಿಪ್‌ಗಳಿಗೆ ಒಗ್ಗುವ ಎಲ್1 ಸಂಕೇತವೂ ಇತ್ತು. ಹೆಚ್ಚು ಉಪಗ್ರಹ ಕಂಡಷ್ಟೂ ಬಿಂದುವಿನ ಕುಣಿತ ಕಡಿಮೆ.

ಒಗಟು ಬಿಡಿಸಿಕೊಂಡ ಸವಾರರಿಗೆ ಆ್ಯಪ್ ಆಯ್ಕೆ ಕಷ್ಟವಾಗಿ ಉಳಿಯಲಿಲ್ಲ. ಸೆಕೆಂಡಿಗೊಮ್ಮೆ ಬಿಂದು ಇಡುವಂಥದು, ನಿಂತಾಗ ಎಣಿಕೆ ನಿಲ್ಲಿಸುವಂಥದು, ಪರದೆ ಆರಿದರೂ ದಾಖಲೆ ಬಿಡದಂಥದು, ಎತ್ತರಕ್ಕೆ ವಾಯುಭಾರವನ್ನೋ ನಕ್ಷೆಯನ್ನೋ ನೆಚ್ಚುವಂಥದು. ಮನೆಯ ಸುತ್ತಲಿನ ಗೆರೆ ಮರೆಮಾಡುವ ಸೌಲಭ್ಯ ಇರಲೇಬೇಕು. ಸ್ಟ್ರಾವಾ ಪ್ರಕಟಿಸಿದ್ದ ಜಾಗತಿಕ ಓಡಾಟದ ನಕ್ಷೆಯಲ್ಲಿ ಸೈನಿಕ ನೆಲೆಗಳ ಆಕಾರವೇ ಹೊಳೆಯುತ್ತಿದ್ದುದನ್ನು 2018ರ ಜನವರಿಯಲ್ಲಿ ಆಸ್ಟ್ರೇಲಿಯಾದ ಒಬ್ಬ ವಿದ್ಯಾರ್ಥಿ ಗುರುತಿಸಿದ್ದ. ಎಲ್ಲಕ್ಕಿಂತ ಮುಖ್ಯವಾದದ್ದು ಸವಾರಿಯನ್ನು ಜಿಪಿಎಕ್ಸ್ ಕಡತವಾಗಿ ಹೊರತೆಗೆಯಲು ಬಿಡುವ ಆ್ಯಪ್. ಮೈ ಟ್ರ್ಯಾಕ್ಸ್ 2016ರಲ್ಲಿ ನಿಂತಿತು, ಎಂಡೊಮೊಂಡೊ 2020ರ ಕೊನೆಗೆ ಮುಚ್ಚಿತು. ಮುಚ್ಚುವ ಮುನ್ನ ಆ ಕಡತಗಳನ್ನು ಇಳಿಸಿಟ್ಟುಕೊಂಡವರ ಹಳೆಯ ಸವಾರಿಗಳು ಇಂದಿಗೂ ಬೇರೆ ಆ್ಯಪ್‌ಗಳಲ್ಲಿ ತೆರೆದುಕೊಳ್ಳುತ್ತವೆ.